ಮಲಾಡಿನ ಕಟ್ಟು

ವೈಕುಂಠ ಸಮಾರಾಧನೆ ಮುಗಿದು ಊರಿನಿಂದ ಬಂದಿದ್ದವರೆಲ್ಲ ರೈಲು ಹತ್ತಿದ ಮಾರನೆಯ ಬೆಳಿಗ್ಗೆ ನನಗೆ ಯಾರೂ ಏನೂ ಹೇಳಲಿಲ್ಲ. ಅಲ್ಲಿಯವರೆಗೆ ಯಾರಾದರೊಬ್ಬರು ಹೇಳುತ್ತಲೇ ಇದ್ದರು. ಸ್ನಾನ ಮಾಡು, ಇಲ್ಲಿ ಕೂರು, ಅದನ್ನು ಮುಟ್ಟಬೇಡ, ಈಗ ಏಳು. ಅಂದು ನಲ್ಲಿಯಲ್ಲಿ ನೀರು ಬಂತು. ಡ್ರಮ್ಮು ತುಂಬಿತು. ತುಂಬಿದ ಮೇಲೆ ನಲ್ಲಿ ನಿಲ್ಲಿಸಬೇಕು ಎಂಬುದು ತಲೆಗೆ ಬರಲಿಲ್ಲ. ನೀರು ಬಚ್ಚಲು ದಾಟಿ ಕಾಲಿಗೆ ತಾಗಿದಾಗಲೂ ನೋಡುತ್ತ ನಿಂತಿದ್ದೆ. ನನ್ನ ಅತ್ತೆ ಅಲಮೇಲು ಬಂದು ನಲ್ಲಿ ತಿರುಗಿಸಿದರು.

“ಕೆಳಗಿನ ಮನೆಯವರಿಗೂ ನೀರು ಬೇಕಮ್ಮಾ,” ಎಂದರು.

ನನ್ನ ಗಂಡ ಜಯಸಿಂಹ ಕೇಂದ್ರ ಸರ್ಕಾರದ ಒಂದು ಪಾವತಿ ಕಚೇರಿಯಲ್ಲಿ ಅಕೌಂಟೆಂಟ್ ಆಗಿದ್ದರು. ಬೇರೆ ಬೇರೆ ಇಲಾಖೆಗಳು ಕೊಟ್ಟ ಸಂಬಳ, ಕೂಲಿ, ಬಾಡಿಗೆಗಳ ಕಾಗದಗಳೆಲ್ಲ ಕೊನೆಗೆ ಅಲ್ಲಿಗೆ ಬಂದು ಸೇರುತ್ತಿದ್ದವು. ಪ್ರತಿಯೊಂದು ಬಗೆಯ ಕಾಗದಕ್ಕೂ ಒಂದು ಆಯಸ್ಸು. ಸಂಬಳದ ಬಿಲ್ಲಿಗೆ ದೀರ್ಘಾಯುಸ್ಸು, ದಿನಗೂಲಿಯವರ ಹಾಜರಿ ಪಟ್ಟಿಗೆ ಅಲ್ಪಾಯುಸ್ಸು. ಆಯಸ್ಸು ಮುಗಿದದ್ದನ್ನು ವರ್ಷಕ್ಕೊಮ್ಮೆ ಹರಿದು ಕಾಗದದ ಗಿರಣಿಯ ಲಾರಿಗೆ ತುಂಬುವುದು ಅವರ ಸೆಕ್ಷನ್ನಿನ ಕೆಲಸ. ನಾನು ಮೈಸೂರಿನಲ್ಲಿ ಇತಿಹಾಸ ಓದಿದವಳು. ಹಳೆಯ ಕಾಗದ ಹರಿಯುವುದನ್ನು ನಮ್ಮ ಮೇಷ್ಟ್ರು ಕೊಲೆ ಎನ್ನುತ್ತಿದ್ದರು. ಮದುವೆಯಾದ ಹೊಸದರಲ್ಲಿ ಇದನ್ನು ಹೇಳಿದ್ದಕ್ಕೆ ಜಯಸಿಂಹ ನಕ್ಕಿದ್ದರು. “ಮೈಸೂರಲ್ಲಿ ಜಾಗ ಇದೆ, ನಿಮ್ಮ ಮೇಷ್ಟ್ರು ಹೇಳ್ತಾರೆ. ಬೊಂಬಾಯಲ್ಲಿ ಕಾಗದ ಇಟ್ರೆ ಮನುಷ್ಯ ಎಲ್ಲಿ ಕೂರಬೇಕು?”

ಜನವರಿಯಲ್ಲಿ ಅವರಿಗೆ ಕಾಮಾಲೆ ಆಯಿತು. ಫೆಬ್ರವರಿಯಲ್ಲಿ ಹೋದರು. ಇದು ಎಂಬತ್ತೇಳರ ಮಾತು.

ಆ ಬೆಳಿಗ್ಗೆಯೇ ಪೂವಪ್ಪ ಬಂದರು. ಜಯಸಿಂಹರ ಕಚೇರಿಯ ರೆಕಾರ್ಡ್ ರೂಮಿನ ದಫ್ತರಿ, ಉಡುಪಿ ಕಡೆಯವರು. ಕಾಗದದ ಕಟ್ಟುಗಳನ್ನು ಕಟ್ಟುವುದು, ಬಿಚ್ಚುವುದು, ಕಪಾಟಿಗೆ ಏರಿಸುವುದು ಅವರ ಕೆಲಸ. ವಿದ್ಯುತ್ ಚಿತಾಗಾರದಲ್ಲಿಯೂ ನಿಂತಿದ್ದರು. ಈಗ ಒಂದು ಚಿಪ್ಪು ಬಾಳೆಹಣ್ಣು ತಂದಿದ್ದರು. ತಂದು ಬಾಗಿಲಲ್ಲೇ ನಿಂತು ಅದನ್ನು ಬೆನ್ನ ಹಿಂದೆ ಹಿಡಿದುಕೊಂಡರು.

“ಹಣ್ಣು ತರಬಾರದೇನೋ ಅಮ್ಮಾ. ಸ್ಟೇಷನ್ ಹತ್ರ ತಗೊಂಡ ಮೇಲೆ ನೆನಪಾದ್ದು.”

“ಕೊಡಪ್ಪ, ಹಸಿವು ಎಲ್ಲರಿಗೂ ಆಗತ್ತೆ,” ಎಂದು ಅತ್ತೆ ತೆಗೆದುಕೊಂಡರು.

ಪೂವಪ್ಪ ಕುರ್ಚಿಯ ತುದಿಯಲ್ಲಿ ಕೂತರು. ಕಾಫಿ ಕುಡಿದರು. ಎದ್ದರು. ಮತ್ತೆ ಕೂತರು.

“ಸಾಹೇಬ್ರು ನನ್ನ ಹತ್ರ ಒಂದು ಕಟ್ಟು ಕಡ ತಗೊಂಡಿದ್ರು ಅಮ್ಮಾ. ಮಲಾಡಿನ ಗೋದಾಮಿನ ಹಾಜರಿ ಪಟ್ಟಿ. ಕೆಂಪು ಬಟ್ಟೆ. ಮನೆಯಲ್ಲಿ ಎಲ್ಲಿಯಾದ್ರೂ ಉಂಟಾ?”

ನನಗೆ ಗೊತ್ತಿಲ್ಲ ಎಂದೆ. ಹುಡುಕುತ್ತೇನೆ ಎಂದೆ. ಕಚೇರಿಗೆ ಅದು ಬೇಕೇ ಎಂದು ಕೇಳಿದೆ.

“ಕಚೇರಿಗೆ ಎಂತ ಬೇಕು? ಕಚೇರಿಯ ಲೆಕ್ಕದಲ್ಲಿ ಅದು ಹರಿದಾಗಿದೆ.”

ನನಗೆ ಅರ್ಥವಾಗಲಿಲ್ಲ. ಪೂವಪ್ಪ ಬಾಗಿಲ ಕಡೆ ಒಮ್ಮೆ ನೋಡಿ ತಗ್ಗಿದ ದನಿಯಲ್ಲಿ ಹೇಳಿದರು. ಯಾವ ಯಾವ ಕಟ್ಟು ಹರಿದದ್ದೆಂದು ಒಂದು ಸರ್ಟಿಫಿಕೇಟ್ ಬರೆಯುತ್ತಾರೆ. ಆಫೀಸರು, ಅಕೌಂಟೆಂಟು, ದಫ್ತರಿ ಮೂವರೂ ‘ನಮ್ಮ ಕಣ್ಣೆದುರು ಹರಿಯಲಾಗಿದೆ’ ಎಂದು ಸಹಿ ಮಾಡುತ್ತಾರೆ. ಆದರೆ ಹರಿಯಲು ವಾರಗಟ್ಟಲೆ ಹಿಡಿಯುತ್ತದೆ. ಅಷ್ಟು ಹೊತ್ತು ಆಫೀಸರು ನಿಲ್ಲುವುದಿಲ್ಲ. ಹಾಗಾಗಿ ಸಹಿ ಮೊದಲು, ಹರಿಯುವುದು ಆಮೇಲೆ.

“ನಾನು ಸೇರಿದಾಗಿಂದ ಹಾಗೆಯೇ ಅಮ್ಮಾ. ಯಾರೂ ತಪ್ಪು ಅಂತ ಹೇಳ್ಲಿಲ್ಲ. ಸೈನ್ ಹಾಕಿ ಆದ್ಮೇಲೆ, ಈ ಕಟ್ಟು ಹರಿಯುವ ಮೊದಲು, ಸಾಹೇಬ್ರು ಬಂದು ಸ್ವಲ್ಪ ನೋಡ್ಲಿಕ್ಕುಂಟು ಅಂತ ತಗೊಂಡು ಹೋದ್ರು. ಅವರು ಕೇಳಿದ್ರೆ ಇಲ್ಲ ಅನ್ಲಿಕ್ಕೆ ಆಗ್ತದಾ? ಈಗ ಅದು ಹೊರಗೆ ಸಿಕ್ಕಿದ್ರೆ ನಾನು ಸುಳ್ಳು ಸೈನ್ ಹಾಕಿದ ಹಾಗೆ. ಈ ಮಾರ್ಚಿಗೆ ನಾನು ರಿಟೈರು. ಪೆನ್ಶನ್ ಹಿಡಿದಿಟ್ರೆ ಮುಗೀತು. ಸಿಕ್ಕಿದ್ರೆ ನನ್ನ ಕೈಗೇ ಕೊಡಿ, ಹರಿದು ಲೆಕ್ಕ ಸರಿ ಮಾಡ್ತೇನೆ.”

“ಯಾಕೆ ತಗೊಂಡರು?”

“ಅದು ನಿಮಗೆ ಗೊತ್ತಿರಬಹುದು ಅಂತ ನಾನು ಬಂದದ್ದು,” ಎಂದರು ಪೂವಪ್ಪ.

ಅವರು ಹೋದ ಮೇಲೆ ಹುಡುಕಿದೆ. ಬಚ್ಚಲಿನ ಮೇಲಿನ ಲಾಫ್ಟಿನಲ್ಲಿ, ದಸರೆ ಬೊಂಬೆಗಳ ಪೆಟ್ಟಿಗೆಯ ಹಿಂದೆ ಸಿಕ್ಕಿತು. ತಲೆದಿಂಬಿನಷ್ಟು ದೊಡ್ಡದು. ಇಳಿಸಿ ನೆಲದ ಮೇಲಿಟ್ಟು ಬಿಚ್ಚಿದೆ. ಉದ್ದನೆಯ ಹಾಳೆಗಳು. ಎಡಗಡೆ ಹೆಸರು, ಮಧ್ಯೆ ದಿನಗಳಿಗೆ ಗೀಟು, ಬಲಗಡೆ ನೇರಳೆ ಬಣ್ಣದ ಹೆಬ್ಬೆಟ್ಟು. ಹೆಂಗಸರೇ ಹೆಚ್ಚು. ಅಂಬವ್ವ ದಾನಪ್ಪ. ಬಸಲಿಂಗವ್ವ. ಅಪ್ಪಿ. ತಿಂಗಳ ಮೇಲೆ ತಿಂಗಳು ಅವೇ ಹೆಸರುಗಳು. ಹಾಳೆಯ ಅಂಚಿನಲ್ಲಿ, ಬೆನ್ನಿನಲ್ಲಿ, ಬಟ್ಟೆಯ ಮಡಿಕೆಯಲ್ಲಿ ಜಯಸಿಂಹರ ಕೈಬರಹ ಹುಡುಕಿದೆ. ಎಲ್ಲಿಯೂ ಇರಲಿಲ್ಲ.

“ಏನದು?” ಎಂದರು ಅತ್ತೆ.

“ಹರಿದು ಹೋದ ಕಾಗದ.”

ಅವರು ನನ್ನ ಮುಖ ನೋಡಿದರು. ಬಾಳೆಹಣ್ಣು ಸುಲಿದು ಕೈಗಿಟ್ಟರು.

ಮಾರನೆಯ ದಿನ ನಾನು ಕಚೇರಿಗೆ ಹೋಗಬೇಕಿತ್ತು. ಸೇವೆಯಲ್ಲಿ ಸತ್ತವರ ಹೆಂಡತಿಗೆ ಕೆಲಸ ಕೊಡುವ ನಿಯಮ ಒಂದಿದೆ. ಅದಕ್ಕೆ ಅರ್ಜಿ ಕೊಡು ಎಂದು ನನ್ನ ಭಾವ, ಜಯಸಿಂಹರ ಅಣ್ಣ ನಾಣಿ, ಮೈಸೂರಿಗೆ ಹೊರಡುವ ಮೊದಲು ಎರಡು ಸಲ ಹೇಳಿದ್ದರು. ಅದು ಸಿಗದಿದ್ದರೆ ವಡಾಲದ ಈ ಸರ್ಕಾರಿ ಮನೆ ಬಿಡಬೇಕು, ಅತ್ತೆಯೂ ನಾನೂ ಮೈಸೂರಿಗೆ ಅವರಲ್ಲಿಗೇ ಹೋಗಬೇಕು. “ನಮ್ಮನೇಲಿ ಜಾಗ ಇದ್ದೇ ಇದೆ,” ಎಂದು ಅವರೂ ಹೇಳಿದ್ದರು. ಅವರ ಹೆಂಡತಿ ಆಗ ಸೂಟ್‌ಕೇಸಿನ ಬೀಗ ನೋಡುತ್ತಿದ್ದರು.

ಕಚೇರಿ ಬ್ಯಾಲಾರ್ಡ್ ಪಿಯರ್ ಬಳಿ ಒಂದು ಹಳೆಯ ಕಲ್ಲಿನ ಕಟ್ಟಡದಲ್ಲಿತ್ತು. ಅಕೌಂಟ್ಸ್ ಆಫೀಸರ್ ಶಾಮಣ್ಣನವರು ಬೆಂಗಳೂರಿನವರು, ನಮ್ಮ ಮದುವೆಯ ಆರತಕ್ಷತೆಗೆ ಬಂದಿದ್ದವರು. ಎದ್ದು ನಿಂತು ಕುರ್ಚಿ ಎಳೆದುಕೊಟ್ಟರು. ಚಹಾ ತರಿಸಿದರು. ನನ್ನ ಅರ್ಜಿ ಓದಿ, ಒಂದು ಕಡೆ ಪೂರ್ಣವಿರಾಮ ಹಾಕಿ, ಕಾಗದದ ಮೇಲೆ ಗಾಜಿನ ಗುಂಡು ಇಟ್ಟರು.

“ಇದರ ಮೇಲೆ ನಾನೇ ಬರೆದು ಮೇಲಕ್ಕೆ ಕಳಿಸಬೇಕಮ್ಮ. ಒಳ್ಳೇದಾಗಿ ಬರೀತೀನಿ. ನಮ್ಮ ಜಯಸಿಂಹ ಅಂದ್ರೆ ಬೇರೆ ಅಲ್ಲ.” ಚಹಾದ ಕಪ್ಪನ್ನು ನನ್ನ ಕಡೆ ಸರಿಸಿದರು. “ಮನೇಲಿ ಏನಾದ್ರೂ ಆಫೀಸಿನ ಕಾಗದ ಉಳಿದಿದೆಯೇ? ಮಲಾಡಿಂದು?”

ಆ ದಿನಗಳಲ್ಲಿ ಯಾವ ಪ್ರಶ್ನೆಗೂ ಉತ್ತರ ತಡವಾಗಿ ಬರುತ್ತಿತ್ತು, ಅದಕ್ಕೆ ಜನ ತಾವೇ ಮುಂದುವರಿಯುತ್ತಿದ್ದರು. ಶಾಮಣ್ಣನವರೂ ಮುಂದುವರಿದರು.

ಮಲಾಡಿನ ಗೋದಾಮಿನ ದಿನಗೂಲಿ ಹೆಂಗಸರು ಲೇಬರ್ ಕೋರ್ಟಿಗೆ ಹೋಗಿದ್ದಾರೆ. ವರ್ಷಗಟ್ಟಲೆ ಎಡೆಬಿಡದೆ ಕೆಲಸ ಮಾಡಿದ್ದೇವೆ, ಪರ್ಮನೆಂಟ್ ಮಾಡಿ ಎನ್ನುತ್ತಾರೆ. ಇಲ್ಲ, ಬಂದು ಬಂದು ಹೋಗುತ್ತಿದ್ದರು, ಎಡೆ ಬಿದ್ದಿದೆ ಎನ್ನುತ್ತದೆ ಇಲಾಖೆ. ಕೋರ್ಟು ಹಾಜರಿ ಪಟ್ಟಿ ತನ್ನಿ ಎಂದಿತು. ಪಟ್ಟಿಯ ಆಯಸ್ಸು ಮುಗಿದು ಹರಿದಾಗಿದೆ ಎಂದು ಶಾಮಣ್ಣನವರು ಸರ್ಟಿಫಿಕೇಟಿನ ನಕಲು ಹಚ್ಚಿ ಉತ್ತರ ಕೊಟ್ಟರು.

“ಈಗ ನಮ್ಮ ವಕೀಲರು ತಲೆ ಚಚ್ಕೋತಿದಾರೆ. ಕಾಗದ ಇದ್ದದ್ದು ನಿಮ್ಮ ಕೈಲಿ, ಹರಿದವರು ನೀವು, ಅಂದಮೇಲೆ ಆ ಹೆಂಗಸರು ಹೇಳಿದ್ದನ್ನೇ ಜಡ್ಜ್ ನಂಬ್ತಾರೆ ಅಂತ. ಫೈಲಲ್ಲಿ ಜಯಸಿಂಹ ಪೆನ್ಸಿಲಲ್ಲಿ ಬರೆದಿದಾರೆ, ‘ಮಲಾಡ್ ಕಟ್ಟು ಇನ್ನೂ ಇದೆಯೇ ನೋಡುವುದು’ ಅಂತ. ನೋಡಿದರೋ ಇಲ್ಲವೋ ಗೊತ್ತಿಲ್ಲ. ಸಿಕ್ಕಿದ್ರೆ ಎಡೆ ಬಿದ್ದದ್ದು ತೋರಿಸಬಹುದು, ತಪ್ಪು ಕಪಾಟಲ್ಲಿತ್ತು ಅಂದ್ರಾಯ್ತು. ನಿಮ್ಮ ಮನೆಯವರ ಹೆಸರು ಎಲ್ಲೂ ಬರಲ್ಲ.”

“ಪೂವಪ್ಪನವರ ಹೆಸರು?”

“ಕಪಾಟು ನೋಡ್ಕೊಳ್ಳೋನು ಅವನು, ಅವನಿಗೆ ಸ್ವಲ್ಪ ತೊಂದರೆ ಆಗಬಹುದು,” ಎಂದು ಶಾಮಣ್ಣ ಗಾಜಿನ ಗುಂಡನ್ನು ಸರಿಪಡಿಸಿದರು. “ನೋಡೋಣ. ನೀವೂ ನೋಡಿ.”

ಹಾರ್ಬರ್ ಲೈನಿನ ಗಾಡಿಯಲ್ಲಿ ಹೆಂಗಸರ ಡಬ್ಬಿಯಲ್ಲಿ ಕಿಟಕಿ ಸಿಕ್ಕಿತು. ಯೋಚನೆ ಮಾಡಲು ನೋಡಿದೆ. ನಾನು ಆ ಪಟ್ಟಿಗಳನ್ನು ಕಂಡಿದ್ದೆ. ಅಂಬವ್ವನ ಹೆಸರು ಒಂದು ತಿಂಗಳೂ ತಪ್ಪಿರಲಿಲ್ಲ. ಬಸಲಿಂಗವ್ವನದೂ ತಪ್ಪಿರಲಿಲ್ಲ. ಹಾಗಾದರೆ ಕಾಗದ ಆ ಹೆಂಗಸರ ಪರವಾಗಿಯೇ ಇದೆ. ಶಾಮಣ್ಣನವರು ಕೇಳುತ್ತಿರುವುದು ತಮ್ಮನ್ನೇ ಸೋಲಿಸುವ ಕಾಗದ, ಅದು ಅವರಿಗೆ ಗೊತ್ತಿಲ್ಲ. ಕೊಟ್ಟರೆ ನಿಜ ಹೊರಬರುತ್ತದೆ, ಅಂಬವ್ವನ ಕೆಲಸ ಗಟ್ಟಿಯಾಗುತ್ತದೆ, ನನಗೂ ಕೆಲಸವಾಗುತ್ತದೆ. ಪೂವಪ್ಪ ಮಾತ್ರ ಉಳಿದರು. ಪೂವಪ್ಪನವರಿಗಾಗಿ ಶಾಮಣ್ಣನವರ ಕಾಲು ಹಿಡಿದರಾಯಿತು. ನಮ್ಮ ಮೇಷ್ಟ್ರು ಕೇಳಿದ್ದರೆ ಸಂತೋಷಪಡುತ್ತಿದ್ದರು. ಅಷ್ಟು ಸುಲಭವಾಗಿದ್ದರೆ ಜಯಸಿಂಹ ಅದನ್ನೇಕೆ ಬೊಂಬೆ ಪೆಟ್ಟಿಗೆಯ ಹಿಂದೆ ಇಟ್ಟರು ಎಂಬುದು ಮಾತ್ರ ಬಗೆಹರಿಯಲಿಲ್ಲ. ವಡಾಲ ಬಂದು ಹೋಯಿತು. ಮುಂದಿನ ಸ್ಟೇಷನ್ನಿನಲ್ಲಿ ಇಳಿದು ವಾಪಸು ಬಂದೆ.

ಸೋಮವಾರ ಕಟ್ಟು ಕೊಟ್ಟುಬರುತ್ತೇನೆ ಎಂದು ಅತ್ತೆಗೆ ಹೇಳಿದೆ. ಅವರು ದೇವರ ಮುಂದೆ ಹೋಗಿ ನಿಂತರು.

ಭಾನುವಾರ ಮಧ್ಯಾಹ್ನ ಬಾಗಿಲಲ್ಲಿ ಒಬ್ಬ ಹೆಂಗಸು. ನಲವತ್ತರ ಆಚೀಚೆ. ಇಳಕಲ್ ಸೀರೆ, ಕಂಕುಳಲ್ಲಿ ಪ್ಲಾಸ್ಟಿಕ್ಕಿನ ಚೀಲ.

“ಸಾಹೇಬ್ರು ಅದಾರೇನ್ರಿ? ಶಿವರಾತ್ರಿ ಆದಮ್ಯಾಗ ಬಾ ಅಂದಿದ್ರು. ನಾ ಅಂಬವ್ವರಿ, ಮಲಾಡದಿಂದ.”

ಅತ್ತೆ ನಡೆದದ್ದು ಹೇಳಿದರು. ಅಂಬವ್ವ ಹೊಸ್ತಿಲ ಹೊರಗೇ ಕುಸಿದು ಕೂತು, “ಅಯ್ಯ ಯವ್ವಾ, ಏನ್ ವಯಸ್ಸಿತ್ತು,” ಎಂದು ದನಿ ತೆಗೆದು ಅತ್ತಳು. ನಮ್ಮಲ್ಲಿ ಅಷ್ಟು ದಿನ ಯಾರೂ ಹಾಗೆ ದನಿ ತೆಗೆದಿರಲಿಲ್ಲ. ಎದುರು ಮನೆಯ ಬಾಗಿಲು ತೆರೆಯಿತು. ಅತ್ತೆ ಅವಳನ್ನು ಒಳಗೆ ಕರೆದು ನೀರು ಕೊಟ್ಟರು. ನೀರು ಕುಡಿದು, ಸೆರಗಿನಿಂದ ಮುಖ ಒರೆಸಿಕೊಂಡು, ಅವಳು ನನ್ನನ್ನೇ ನೋಡಿದಳು.

“ನೀವ ಹೇಂತೇರೇನ್ರಿ? ನಿಮಗ ಏನರ ಹೇಳ್ಯಾರೇನ್ರಿ, ನಮ್ಮ ಕಾಗದದ್ದು?”

“ಇಲ್ಲ. ಆದರೆ ಕಾಗದ ನನ್ನ ಹತ್ತಿರ ಇದೆ. ಹೆದರಬೇಡಿ. ನಿಮ್ಮ ಹೆಸರು ಎಲ್ಲ ತಿಂಗಳೂ ಇದೆ. ನಾಳೆ ಕಚೇರಿಗೆ ಕೊಡುತ್ತೇನೆ, ಅವರು ಕೋರ್ಟಿಗೆ ಕೊಡುತ್ತಾರೆ.”

ಅಂಬವ್ವ ಲೋಟ ಕೆಳಗಿಟ್ಟಳು.

“ಕೊಡಬ್ಯಾಡ್ರಿ,” ಎಂದಳು. “ನಿಮ್ಮ ಕಾಲಿಗೆ ಬೀಳ್ತೇನ್ರಿ. ಕೊಟ್ರ ನಾವು ಸತ್ತಂಗ.”

ನಾನು ಮತ್ತೊಮ್ಮೆ ಹೇಳಿದೆ, ಹೆಸರು ಇದೆ ಎಂದು.

“ಹೆಸರು ನಂದೇರಿ. ಹೆಬ್ಬಟ್ಟು ಊರ ಮಂದೀದು.”

ಆಮೇಲೆ ಅವಳು ಹೇಳಿದ್ದು ಇಷ್ಟು. ಗೋದಾಮಿನಲ್ಲಿ ಒಂದು ಸಲ ಹೆಸರು ಹೊಡೆದು ಹಾಕಿದರೆ ಮತ್ತೆ ಬರೆಸುವುದು ಕಷ್ಟ. ಹಾಗಾಗಿ ಯಾವಳಾದರೂ ಹೆರಿಗೆಗೋ ಸಾವಿಗೋ ಊರಿಗೆ ಹೋದರೆ, ಅವಳ ಅಕ್ಕನೋ ನೆಗೆಣ್ಣಿಯೋ ಪಕ್ಕದ ಗುಡಿಸಲಿನವಳೋ ಬಂದು ಅವಳ ಹೆಸರಿನಲ್ಲಿ ದುಡಿಯುತ್ತಿದ್ದಳು, ಅವಳ ಹೆಸರಿನ ಮುಂದೆ ತನ್ನ ಹೆಬ್ಬೆಟ್ಟು ಒತ್ತುತ್ತಿದ್ದಳು. ಕೂಲಿ ಒತ್ತಿದವಳಿಗೆ, ಹೆಸರು ಊರಿಗೆ ಹೋದವಳಿಗೆ.

“ನಾ ಹಡ್ಯಾಕ ಹೋದಾಗ ಬಸಲಿಂಗವ್ವನ ಅಕ್ಕ ನನ್ನ ಹೆಸರಿಗೆ ಒತ್ಯಾಳ. ಬಸಲಿಂಗವ್ವನ ಕಾಲು ಮುರದಾಗ ಬಾಜೂ ಗುಡಿಸಲದಾಕಿ ಒತ್ಯಾಳ. ಅಪ್ಪಿ ಅತ್ತಿ ಸತ್ತಾಗ ನಮ್ಮ ನೆಗೆಣ್ಣಿ. ಕೆಲಸ ಮಾಡಿಸೋ ಮುಕಾದಮಗ ಗೊತ್ತಿತ್ತರಿ. ಅವಗ ಏನು, ಮೂಟಿ ಎತ್ತಾಕ ಕೈ ಬೇಕು, ಯಾರ ಕೈ ಆದ್ರೇನು? ಕೆಲಸ ಒಂದಿನ ನಿಂತಿಲ್ರಿ ಅಕ್ಕಾರ. ದೇವರಾಣಿ. ಆದ್ರ ಕೋರ್ಟಿನ್ಯಾಗ ಹೆಬ್ಬಟ್ಟು ಹೊಂದಿಸಿ ನೋಡಿದ್ರ? ಎಲ್ಲಾರೂ ಕಳ್ಳರು ಅಂತಾರ. ಕಾಗದ ಇಲ್ಲ ಅಂದ್ರ ನಮ್ಮ ಮಾತು ನಡೀತದ ಅಂತ ನಮ್ಮ ವಕೀಲ ಹೇಳ್ಯಾನ.”

“ಜಯಸಿಂಹರಿಗೆ ಇದು ಗೊತ್ತಿತ್ತೇ?”

“ಅವ್ರಽ ಹಿಡದಿದ್ದು! ಒಂದ ಹೆಸರಿಗೆ ಬ್ಯಾರೆ ಬ್ಯಾರೆ ಹೆಬ್ಬಟ್ಟು ಅದಾವಂತ. ಒಂದು ಐತ್ವಾರ ಮಲಾಡಕ ಬಂದ್ರು. ಶಾಯಿ ಪ್ಯಾಡ್ ತಂದಿದ್ರು. ಎಲ್ಲಾರೂ ಒತ್ರಿ ಅಂದ್ರು, ಪೇಪರ್ ಮ್ಯಾಲೆ. ನಾವು ಅಂಜಿದ್ವಿ. ಅದಕ್ಕ ಮದಲ ತಾವಽ ಒತ್ತಿ ತೋರಿಸಿದ್ರು.” ಅಂಬವ್ವ ಅಷ್ಟರ ನಡುವೆಯೂ ಸ್ವಲ್ಪ ನಕ್ಕಳು. “ನಮ್ಮ ಹೆಬ್ಬಟ್ಟು ಅಷ್ಟೊತ್ತು ನೋಡಿದ ಗಂಡಸು ಅವ್ರೊಬ್ರರಿ. ನಮ್ಮ ಗಂಡಂದಿರು ಮಾರಿ ಸೈತ ಅಷ್ಟು ನೋಡಿಲ್ಲ.”

ಆ ಭಾನುವಾರ ನನಗೆ ಗೊತ್ತಿದೆ. ಅವರಿಗೆ ಜ್ವರವಿತ್ತು. ಕಣ್ಣು ಹಳದಿಯಾಗಿದೆಯೆಂದು ನಾನು ಹೇಳಿದರೂ, ಒಂದು ಕೆಲಸವಿದೆ, ಬಂದುಬಿಡುತ್ತೇನೆ ಎಂದು ಹೋದರು. ಮಾರನೆಯ ದಿನ ಆಸ್ಪತ್ರೆಗೆ ಸೇರಿಸಿದಾಗ ಅವರ ಬಲಗೈ ಹೆಬ್ಬೆರಳು ನೇರಳೆಯಾಗಿತ್ತು. ನರ್ಸು ಸ್ಪಿರಿಟ್ ಹಚ್ಚಿ ಒರೆಸಿದಳು. ಅದೂ ರೋಗದ್ದೇ ಬಣ್ಣವೆಂದು ನಾನು ತಿಳಿದಿದ್ದೆ.

“ಆಮೇಲೆ ಏನು ಹೇಳಿದರು?”

“ಏನೂ ಇಲ್ರಿ. ಹರದ ಬಿಡ್ರಿ ಸಾಹೇಬ್ರ ಅಂದ್ವಿ. ಯೋಚನಿ ಮಾಡ್ತೀನಿ ಅಂದ್ರು. ಶಿವರಾತ್ರಿ ಆದಮ್ಯಾಗ ಮನಿಗೆ ಬಾ, ಹೇಳ್ತೀನಿ ಅಂತ ವಿಳಾಸ ಕೊಟ್ರು. ಅದಕ್ಕಽ ಬಂದೇನಿ.” ಅವಳು ಚೀಲವನ್ನು ಮಡಿಲಿಗೆ ಎಳೆದುಕೊಂಡಳು. “ನಿಮಗೂ ಹೇಳಿಲ್ಲೇನ್ರಿ?”

ನನಗೂ ಹೇಳಿರಲಿಲ್ಲ.

ಅವಳು ಪ್ಲಾಸ್ಟಿಕ್ಕಿನ ಚೀಲದಿಂದ ಜೋಳದ ರೊಟ್ಟಿಯ ಗಂಟು ತೆಗೆದಳು. ಸಾಹೇಬರಿಗೆಂದು ತಂದದ್ದು. ಕೊಡುವುದೋ ಬೇಡವೋ ಎಂದು ಹಿಡಿದುಕೊಂಡೇ ಇದ್ದಳು. ಅತ್ತೆ ಬೇರೆಯವರ ಮನೆಯ ಅಡುಗೆ ಮುಟ್ಟದವರು. ಕೈ ಚಾಚಿ ಅದನ್ನು ತೆಗೆದುಕೊಂಡರು.

ಅವಳು ಹೋದ ಮೇಲೆ ಕಟ್ಟನ್ನು ಮತ್ತೆ ಬಿಚ್ಚಿದೆ. ಕಿಟಕಿಯ ಬೆಳಕಿಗೆ ಹಿಡಿದು, ಈ ಸಲ ಹೆಸರು ಬಿಟ್ಟು ಬಲಗಡೆ ಮಾತ್ರ ನೋಡಿದೆ. ಅಂಬವ್ವನ ಹೆಸರಿನ ಎದುರು ಒಂದು ತಿಂಗಳು ಗೆರೆಗಳು ಚಕ್ಕುಲಿಯ ಹಾಗೆ ಸುತ್ತಿದ್ದವು. ಇನ್ನೊಂದು ತಿಂಗಳು ಬಿಲ್ಲಿನ ಹಾಗೆ ಬಾಗಿದ್ದವು. ಮತ್ತೊಂದರಲ್ಲಿ ನಡುವೆ ಒಂದು ಗಾಯದ ಗುರುತು. ನೋಡಲು ತಿಳಿದವರಿಗೆ ಎರಡು ನಿಮಿಷದ ಕೆಲಸ.

ಅತ್ತೆ ಗೋಡೆಗೊರಗಿ ಕೂತಿದ್ದರು.

“ಸುಳ್ಳು ಸುಳ್ಳೇ ಅಲ್ವೇನೇ? ಒಬ್ಬಳ ಹೆಸರಲ್ಲಿ ಇನ್ನೊಬ್ಬಳು.”

“ಹೌದು.”

“ನಾನು ಜಯಸಿಂಹನ್ನ ಹೆರೋಕೆ ಹೋದಾಗ ನಮ್ಮ ಮನೆ ನಡೆಸಿದ್ದು ನನ್ನ ನಾದಿನಿ. ಮೂರು ತಿಂಗಳು. ಅವಳ ಹೆಸರು ಯಾರು ಹೇಳ್ತಾರೆ? ಅಲಮೇಲು ಒಂದು ದಿನಾನೂ ಒಲೆ ಆರಿಸ್ಲಿಲ್ಲ ಅಂತಲೇ ನಮ್ಮತ್ತೆ ಹೇಳ್ತಿದ್ದದ್ದು.” ರೊಟ್ಟಿಯ ಗಂಟನ್ನು ಹತ್ತಿರ ಎಳೆದುಕೊಂಡು ಅಂದರು, “ಆದ್ರೂ ಶಾಮಣ್ಣಂಗೇ ಕೊಡು ವನಮಾಲಾ. ನಾಣಿ ಮನೇಲಿ ನನ್ನ ಕೈಲಿ ಇರಕ್ಕಾಗಲ್ಲ. ಅವನ ಹೆಂಡತಿ ಕಾಫಿ ಪುಡಿ ಡಬ್ಬ ಮೇಲಿನ ಶೆಲ್ಫಲ್ಲಿ ಇಡ್ತಾಳೆ.”

ನನಗೆ ನಗು ಬಂತೋ ಅಳು ಬಂತೋ ತಿಳಿಯಲಿಲ್ಲ. ಜಯಸಿಂಹ ಹೋದ ಮೇಲೆ ಮಾತಲ್ಲದೆ ನನ್ನ ಬಾಯಿಂದ ಹೊರಟ ಮೊದಲ ಶಬ್ದ ಅದು.

ಮಿಕ್ಕ ಹೊತ್ತು ಜಯಸಿಂಹ ಏನು ಯೋಚನೆ ಮಾಡಿರಬಹುದು ಎಂದು ಯೋಚಿಸಿದೆ. ಅವರು ನಿಯಮದ ಮನುಷ್ಯ. ಕೇಸು ನಡೆಯುತ್ತಿರುವಾಗ ಕಾಗದ ಹರಿಯಬಾರದು ಎಂಬುದೂ ನಿಯಮವೇ. ಹಾಗಾದರೆ ಒಪ್ಪಿಸಬೇಕಿತ್ತು. ಒಪ್ಪಿಸಲಿಲ್ಲ. ಹರಿಯುವುದಾದರೆ ಹರಿದು ಸುಟ್ಟುಬಿಡಬಹುದಿತ್ತು, ನಮ್ಮ ಮನೆಯಲ್ಲಿ ಒಲೆಯಿದೆ. ಹರಿಯಲೂ ಇಲ್ಲ. ಜ್ವರದಲ್ಲಿ ಮಲಾಡಿಗೆ ಹೋಗಿ ಹೆಂಗಸರ ಹೆಬ್ಬೆಟ್ಟು ನೋಡಿ ಬಂದರು. ತಿಳಿಯಬೇಕೆಂಬ ಕುತೂಹಲ ಅಷ್ಟೇ ಇತ್ತೇ? ನನ್ನೊಡನೆ ಒಂದು ಮಾತು ಆಡಿದ್ದರೆ! ಕಾಗದ ಹರಿಯುವುದು ಕೊಲೆ ಎನ್ನುವವಳೊಡನೆ ಏನು ಆಡುವುದೆಂದು ಸುಮ್ಮನಾದರೇ? ನಾಲ್ಕು ವರ್ಷ ಜೊತೆಗಿದ್ದೆ. ಅವರು ಯಾವ ಕಡೆ ತಿರುಗುತ್ತಿದ್ದರು ಎಂದು ಹೇಳಲು ನನಗೆ ಬರುವುದಿಲ್ಲ. ಆ ಕಟ್ಟಿನ ಎದುರು ಕೂತಿದ್ದರೂ ಕಾಮಾಲೆಗೆ ಮುಂಚಿನ ಅವರ ಮುಖ ನೆನಪಿಗೆ ಬರಲಿಲ್ಲ.

ಸೋಮವಾರ ಕಟ್ಟನ್ನು ತರಕಾರಿ ಚೀಲದಲ್ಲಿಟ್ಟುಕೊಂಡು ಹೊರಟೆ. ಕಟ್ಟಿದ ಗಂಟು ನನ್ನದಾಗಿತ್ತು, ಅಡ್ಡಾದಿಡ್ಡಿ. ಅತ್ತೆ ಬಾಗಿಲವರೆಗೆ ಬಂದರು. ಯಾರಿಗೆ ಎಂದು ಕೇಳಲಿಲ್ಲ.

ಕಚೇರಿಯ ಮೆಟ್ಟಿಲು ಹತ್ತಿದ ಕೂಡಲೇ ಶಾಮಣ್ಣನವರ ಕೋಣೆ. ಬಾಗಿಲು ತೆರೆದಿತ್ತು. ರೆಕಾರ್ಡ್ ರೂಮಿಗೆ ಆ ಕೋಣೆ ದಾಟಿ, ಉದ್ದನೆಯ ಕಾರಿಡಾರಿನ ಕೊನೆಗೆ ಹೋಗಬೇಕು. ನಾನು ಬಾಗಿಲ ಮುಂದೆ ನಿಂತೆ. ಅವರು ಚೀಲ ನೋಡಿದರು, ಎದ್ದು ಬಂದರು.

“ತಂದಿರಾ? ಒಳ್ಳೇದಾಯ್ತು. ಬನ್ನಿ, ಕೂತ್ಕೊಳ್ಳಿ.” ಕೈ ಮುಂದೆ ಬಂತು.

ಆ ಕೈಗೆ ಚೀಲ ಕೊಡಬಹುದಿತ್ತು. ಭಾರವಾಗಿತ್ತು, ಬೆರಳು ನೋಯುತ್ತಿದ್ದವು. ಹಿಂದಿನ ದಿನದ ಯೋಚನೆಗಳಲ್ಲಿ ಒಂದೂ ಆಗ ನನ್ನ ಹತ್ತಿರ ಇರಲಿಲ್ಲ. ಯಾರ ಹತ್ತಿರ ತೆಗೆದುಕೊಂಡದ್ದು ಎಂಬುದೊಂದು ಮಾತ್ರ ತಿಳಿದಿತ್ತು.

“ಇದು ಪೂವಪ್ಪನವರಿಗೆ ಕೊಡಬೇಕಾದ್ದು ಸರ್,” ಎಂದೆ. “ನಮ್ಮ ಮನೆಯವರು ಅವರಲ್ಲಿ ಕಡ ತಂದಿದ್ದರು.”

ಶಾಮಣ್ಣನವರು ಕೈ ಹಿಂದಕ್ಕೆ ತೆಗೆದುಕೊಂಡರು.

“ಏನದು ಅಂತ ನಾನು ಕೇಳೋ ಹಾಗಿಲ್ಲ,” ಎಂದರು. “ಕೇಳಿದ್ರೆ, ಹರಿದಾಗಿದೆ ಅಂತ ಕೋರ್ಟಿಗೆ ನಾನೇ ಸುಳ್ಳು ಹೇಳಿದ ಹಾಗಾಗತ್ತೆ. ನೀವಾಗಿ ಕೊಟ್ಟರೆ ಬೇರೆ.” ಅವರು ನನ್ನ ಮುಖ ನೋಡಲಿಲ್ಲ, ಮೇಜಿನ ಕಡೆ ನೋಡಿದರು. “ನಿಮ್ಮ ಅರ್ಜಿ ಇನ್ನೂ ಇಲ್ಲೇ ಇದೆಯಮ್ಮ.”

“ಗೊತ್ತು ಸರ್.”

“ಓದಿದವರು ನೀವು. ಯೋಚನೆ ಮಾಡಿದೀರಾ?”

“ಮಾಡಿದೆ ಸರ್. ತಿಳೀಲಿಲ್ಲ.”

ಅವರು ಬಾಗಿಲಿನಿಂದ ಪಕ್ಕಕ್ಕೆ ಸರಿದರು. ಕೋಪದಿಂದಲೋ ದಾರಿ ಬಿಡಲೆಂದೋ ಗೊತ್ತಾಗಲಿಲ್ಲ. ನಾನು ನಡೆದೆ.

ರೆಕಾರ್ಡ್ ರೂಮಿನಲ್ಲಿ ಸೂರಿನವರೆಗೂ ಕಪಾಟುಗಳು. ಅರ್ಧ ಖಾಲಿ. ನೆಲದ ಮೇಲೆ ಚಾಪೆ ಹಾಸಿ ಪೂವಪ್ಪ ಕೂತಿದ್ದರು, ಸುತ್ತ ಕೈಯಿಂದ ಹರಿದ ಕಾಗದದ ರಾಶಿ. ನನ್ನನ್ನು ಕಂಡು ಎದ್ದರು. ಕೈಗಳನ್ನು ಅಂಗಿಗೆ ಒರೆಸಿಕೊಂಡರು. ನಾನು ಚೀಲದಿಂದ ಕಟ್ಟನ್ನು ತೆಗೆದೆ. ಅವರು ನನ್ನ ಹಿಂದೆ, ಕಾರಿಡಾರಿನ ಕಡೆ ಯಾರಾದರೂ ಇದ್ದಾರೆಯೇ ಎಂದು ನೋಡಿದರು.

“ಎರಡು ದಿನಕ್ಕೆ ಅಂತ ತಗೊಂಡದ್ದು ಸಾಹೇಬ್ರು,” ಎಂದರು.

“ತಡವಾಯಿತು,” ಎಂದೆ.

ಅವರು ಎರಡೂ ಕೈ ಚಾಚಿದರು. ನಾನು ಕಟ್ಟನ್ನು ಅವುಗಳ ಮೇಲಿಟ್ಟೆ.